ನಾಲ್ಕು ಬೆರಳಿನ ಬೀದಿ

ಹತ್ತು ನಿಮಿಷದ ಒಂದು ಅನಿಮೇಷನ್ ಚಿತ್ರಕ್ಕೆ ಕಥೆ ಸಿಗದೆ ನಮ್ಮ ಸ್ಟುಡಿಯೊದ ಒಂದು ಗೋಡೆಯ ತುಂಬ ಹಳದಿ ಚೀಟಿಗಳು ಅಂಟಿಕೊಂಡಿದ್ದವು. ಅಂಟಿಸಿದವನು ನಿರ್ದೇಶಕ. ತಲೆಗೆ ಏನು ಹೊಳೆದರೂ ಚೀಟಿಯಲ್ಲಿ ಗೀಚಿ ಗೋಡೆಗೆ ಬಡಿಯುವುದು ಅವನ ಚಟ. ಹಾಗಾಗಿ ಎಲ್ಲರೂ ಅವನನ್ನು ಬೆನ್ನ ಹಿಂದೆ ‘ಚೀಟಿ’ ಎನ್ನುತ್ತಿದ್ದರು. ನಾನು ಎದುರಿಗೇ ಅನ್ನುತ್ತಿದ್ದೆ. ಚಂದ್ರನಿಗೆ ನೆಗಡಿಯಾದ ಕಥೆ, ಕೊಡೆಯನ್ನು ಪ್ರೀತಿಸಿದ ಮೋಡದ ಕಥೆ, ಜೋಡಿ ಕಳೆದುಕೊಂಡ ಕಾಲುಚೀಲದ ಕಥೆ. ಓದುತ್ತ ಓದುತ್ತ ನನಗೆ ಮೈ ಉರಿಯಿತು.

"ಇವು ಕಥೆಗಳೇನೋ? ಹೊಟ್ಟೆ ತುಂಬಿದವರ ತೇಗು," ಅಂದೆ.

"ಬೈಯೋದು ಸುಲಭ ಅಣ್ಣಾ. ನೀವೇ ಒಂದು ಹೇಳಿ ನೋಡೋಣ," ಅಂದ ಚೀಟಿ.

ಕಥೆ ಹೇಳುವುದು ನನ್ನ ಕೆಲಸವಲ್ಲ. ಕಥೆಯಲ್ಲಿ ಬರುವವರಿಗೆ ಮುಖ, ಮೈ, ನಿಲುವು, ನಡಿಗೆ ಕೊಡುವುದು ನನ್ನ ಕೆಲಸ. ತಲೆಗೂದಲು ನೆರೆಯುವವರೆಗೂ ಅದನ್ನೇ ಮಾಡಿಕೊಂಡು ಬಂದವನು. ಆದರೆ ಕೆಣಕಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ಕಥೆ ತಾನೇ? ನಮ್ಮ ಮನೇಲಿದೆ, ತಗೋ. ನಮ್ಮಕ್ಕನ ಕೈಯಲ್ಲಿ ಸದಾ ಒಂದು ಬಟ್ಟೆ ಚೀಲ ಇರುತ್ತೆ. ಮದುವೆ ಮನೆಗೆ ಹೋಗ್ಲಿ, ಸಾವಿನ ಮನೆಗೆ ಹೋಗ್ಲಿ, ಚೀಲ ಇರಲೇಬೇಕು. ನೋಡಿದೋರು ಈಯಮ್ಮ ಯಾವಾಗ್ಲೂ ಅಂಗಡಿಗೆ ಹೊರಟಿದ್ದಾಳೆ ಅಂದ್ಕೋತಾರೆ. ಆ ಚೀಲದೊಳಗೆ ಏನೂ ಇಲ್ಲ. ಅವಳ ಎಡಗೈ ಇದೆ, ಅಷ್ಟೇ. ಆ ಕೈಗೆ ಕಿರುಬೆರಳಿಲ್ಲ. ಕಾಗದ ಕತ್ತರಿಸೋ ಯಂತ್ರ ಬುಡಸಮೇತ ತಿಂದುಬಿಡ್ತು. ಯಾರೂ ನೋಡಬಾರದು ಅಂತ ವಯಸ್ಸೆಲ್ಲ ಆ ಚೀಲ ಹಿಡ್ಕೊಂಡೇ ಕಳೆದಳು. ಬೀದಿ ಮಕ್ಕಳು ಚೀಲದಲ್ಲಿ ಹಾವಿದೆ ಅಂತಾರೆ, ಚಿನ್ನ ಇದೆ ಅಂತಾರೆ. ಇದನ್ನ ಮಾಡು ತಾಕತ್ತಿದ್ರೆ. ನೆಗಡಿ ಬಂದ ಚಂದ್ರನಂತೆ!"

ಬಣ್ಣ ತುಂಬುವ ಹುಡುಗಿ ಕಣ್ಣೊರೆಸಿಕೊಂಡಳು. ಚೀಟಿ ಎದ್ದು ಹೋಗಿ ಗೋಡೆಯ ಮೇಲಿದ್ದ ಚೀಟಿಗಳನ್ನೆಲ್ಲ ಪರಪರನೆ ಕಿತ್ತು ಕಸದ ಬುಟ್ಟಿಗೆ ಹಾಕಿದ. ಹೊಸದೊಂದರಲ್ಲಿ ‘ಚೀಲ’ ಎಂದು ಬರೆದು ಗೋಡೆಯ ನಡುಮಧ್ಯೆ ಅಂಟಿಸಿದ.

"ಮಾಡೋಣ ಅಣ್ಣಾ. ಇದನ್ನೇ ಮಾಡೋಣ."

ಆಗ ನನಗೆ ನೆನಪಾಯಿತು. ಅಕ್ಕನನ್ನು ಒಂದು ಮಾತು ಕೇಳಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಪ್ಪ ಅಮ್ಮ ಬೇಗ ಹೋದರು. ನನ್ನನ್ನು ಸಾಕಿದವಳು ಅವಳೇ. ಪುಸ್ತಕ ಹೊಲಿದು ರಟ್ಟು ಕಟ್ಟುವ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಳು. ಅಂಚು ಕತ್ತರಿಸಿ ಬಿದ್ದ ಕಾಗದದ ಪಟ್ಟಿಗಳನ್ನು ಸಂಜೆ ಮನೆಗೆ ತರುತ್ತಿದ್ದಳು, ನಾನು ಅವುಗಳ ಮೇಲೆ ಚಿತ್ರ ಬಿಡಿಸುತ್ತಿದ್ದೆ. ಪಟ್ಟಿಗಳು ಮೊಳದುದ್ದ, ಅಗಲ ಮಾತ್ರ ಎರಡು ಬೆರಳು. ಹಾಗಾಗಿ ನನ್ನ ಮನುಷ್ಯರೆಲ್ಲ ಬಿದಿರಿನ ಗಳದಂತೆ ಉದ್ದುದ್ದ. ಇವತ್ತಿಗೂ ನನ್ನ ಪಾತ್ರಗಳನ್ನು ನೋಡಿ, ಇದೇನು ಎಲ್ಲರನ್ನೂ ಹಿಡಿದು ಎಳೆದಿದ್ದೀಯ ಎನ್ನುವವರಿದ್ದಾರೆ.

ಪ್ರೆಸ್ಸಿನ ಕಾಗದ ಕತ್ತರಿಸುವ ಯಂತ್ರಕ್ಕೆ ಒಂದು ಅಡ್ಡಪಟ್ಟಿ ಇರಬೇಕಿತ್ತು, ಕೈ ಬ್ಲೇಡಿನ ಕೆಳಗೆ ಹೋಗದಂತೆ ತಡೆಯಲು. ಅದಿದ್ದರೆ ಕೆಲಸ ನಿಧಾನ ಎಂದು ಯಜಮಾನ ಬಿಚ್ಚಿಸಿ ಮೂಲೆಗೆ ಒರಗಿಸಿದ್ದ. ಗಾಯ ಒಣಗಿದ ಮೇಲೆ ಅಕ್ಕ ಅವನನ್ನು ಕೇಳಿದಳಂತೆ, ಪಟ್ಟಿ ಯಾಕೆ ಬಿಚ್ಚಿಸಿದ್ರಿ ಅಂತ. "ಎಲ್ಲಾ ಪ್ರೆಸ್ಸಲ್ಲೂ ಬಿಚ್ಚಿರ್ತಾರಮ್ಮ. ಅದು ರೂಢಿ," ಅಂದನಂತೆ. ಅವಳು ಮತ್ತೆ ಅಲ್ಲಿಗೆ ಹೋಗಲಿಲ್ಲ. ಮನೆಯಲ್ಲೇ ಕೂತು ಬೇರೆಯವರ ಪುಸ್ತಕ ಹೊಲಿದು ನನ್ನನ್ನು ದೊಡ್ಡವನನ್ನಾಗಿ ಮಾಡಿದಳು.

ಬೆರಳು ಹೋದದ್ದಕ್ಕಿಂತ ಹೆಚ್ಚು ಅವಳನ್ನು ತಿಂದದ್ದು ಜನರ ಬಾಯಿ. ಹೋದದ್ದು ಒಂದು, ಬಾಯಿಂದ ಬಾಯಿಗೆ ಹೋಗುತ್ತ ಅದು ಎರಡಾಯಿತು, ನಾಲ್ಕಾಯಿತು, ಕೊನೆಗೆ ಮಣಿಕಟ್ಟಿನವರೆಗೆ ಕೈಯೇ ಇಲ್ಲ ಎಂದಾಯಿತು. ಕದಿಯಲು ಹೋಗಿ ಸಿಕ್ಕಿಬಿದ್ದಳಂತೆ ಎಂದವರೂ ಉಂಟು. ಮದುವೆಯ ಮಾತಿಗೆ ಬರುತ್ತಿದ್ದವರು ಬೀದಿಯ ತುದಿಯಲ್ಲೇ ಯಾರದೋ ಮಾತು ಕೇಳಿ ಅಲ್ಲಿಂದಲೇ ತಿರುಗಿ ಹೋದರು. ಚೀಲದಿಂದ ಕೈ ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಅಕ್ಕ ತೋರಿಸಲಿಲ್ಲ. "ನಾನೇನು ಸಂತೆಗೆ ಬಂದ ದನವಾ, ಹಲ್ಲು ಎಣಿಸೋಕೆ?" ಅಂದಳು.

ಸಂಜೆ ನಾನು ಮನೆಗೆ ಹೋದಾಗ ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಮನೆಯೊಳಗೆ ಚೀಲವಿಲ್ಲ, ಆ ಕೈ ಎಲ್ಲ ಕೈಗಳ ಹಾಗೆ ಕೆಲಸ ಮಾಡುತ್ತದೆ.

"ಅಕ್ಕ, ನಿನ್ನ ಕೈ ಬಿಡಿಸ್ಲಾ?"

"ಯಾಕೆ, ಊರಲ್ಲಿ ಬೇರೆ ಕೈ ಸಿಗಲಿಲ್ವಾ?"

"ಸಿನಿಮಾ ಮಾಡ್ತಾರಂತೆ. ನಿನ್ನ ಚೀಲದ ಕಥೆ."

"ಅವರಿಗೆ ಹೇಳಿದೋರು ಯಾರು?"

"ನಾನೇ."

ಅಕ್ಕ ಚಾಕು ಕೆಳಗಿಟ್ಟಳು. ಒಲೆಯ ಹತ್ತಿರವಿದ್ದ ನನ್ನ ಹೆಂಡತಿ ತಿರುಗಿ, "ಮುಗೀತು. ಇವರ ಬಾಯಿಗೆ ಬಾಗಿಲೂ ಇಲ್ಲ ಚಿಲಕಾನೂ ಇಲ್ಲ ಅತ್ತಿಗೆ. ನೀವು ಸಾಕಿದ್ದು ಹೀಗೆ," ಅಂದಳು.

ಮರುದಿನ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅಕ್ಕ ಬಂದು ಎಡಗೈಯನ್ನು ಬಾಗಿಲ ಚೌಕಟ್ಟಿನ ಮೇಲಿಟ್ಟು ನಿಂತಳು.

"ಲೋ ಮುಂಗೋಪಿ. ಬಿಡಿಸು. ಆದ್ರೆ ಇದ್ದಂಗೇ ಬಿಡಿಸ್ಬೇಕು. ಇಷ್ಟು ವರ್ಷ ಊರೆಲ್ಲ ನನ್ನ ಕೈ ಕತ್ತರಿಸಿದೆ, ಒಬ್ಬೊಬ್ಬರು ಒಂದೊಂದು ಬೆರಳು. ಯಂತ್ರ ತಗೊಂಡಿದ್ದು ಒಂದೇ. ಒಂದು ಅಂದ್ರೆ ಒಂದು. ಅದು ಒಂದ್ಸಲ ಎಲ್ಲರ ಎದುರಿಗೆ ಬರಲಿ, ನಾನು ಚೀಲ ಬಿಸಾಕ್ತೀನಿ. ನೋಡೋರನ್ನ ಅಳಿಸೋ ಆಟ ಎಲ್ಲ ಬೇಡ. ಕನಿಕರದ ಗಿರಾಕಿ ನಾನಲ್ಲ."

"ಒಂದೇ ಅಕ್ಕ. ನನ್ನ ಮೇಲೆ ಬಿಡು."

"ನಿನ್ನ ಮೇಲೆ ಬಿಟ್ಟೇ ಇಲ್ಲೀವರೆಗೂ ಬಂದಿರೋದು," ಅಂದಳು.

ಆ ವಾರ ಅವಳನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡು ಬಿಡಿಸಿದೆ. ನಮ್ಮಲ್ಲಿ ಒಂದು ಪಾತ್ರಕ್ಕೆ ಒಂದು ದೊಡ್ಡ ಹಾಳೆ: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಕೆಳಗೆ ನಗು, ಸಿಟ್ಟು, ಭಯ, ಒಂದು ಮೂಲೆಯಲ್ಲಿ ಕೈಗಳು. ಬೇರೆ ಬೇರೆ ಕಡೆ ಕೂತು ಚಿತ್ರ ಎಳೆಯುವವರೆಲ್ಲ ಈ ಹಾಳೆಯನ್ನು ನೋಡಿಯೇ ಎಳೆಯಬೇಕು. ಅಕ್ಕನ ಎಡಗೈಯನ್ನು ಐದಾರು ದಿಕ್ಕಿನಿಂದ ಬಿಡಿಸಿದೆ. ಬೆರಳಿದ್ದ ಜಾಗದ ಸಣ್ಣ ಗಂಟು, ಅದರ ಮೇಲಿನ ಹೊಲಿಗೆಯ ಗುರುತು, ಒಂದೂ ಬಿಡಲಿಲ್ಲ. ಬಲಗೈಯನ್ನೂ ನೋಡಿಕೊಂಡೇ ಬಿಡಿಸಿದೆ. ಮುಗಿದ ಮೇಲೆ ಅಕ್ಕ ಹಾಳೆಯ ಮೇಲೆ, ಚಿತ್ರದ ಕೈಯ ಪಕ್ಕಕ್ಕೆ ತನ್ನ ಕೈ ಊರಿ ಬಹಳ ಹೊತ್ತು ನೋಡಿದಳು.

"ಹ್ಞೂಂ. ಇದು ನಂದೇ," ಅಂದಳು. ಅಷ್ಟು ಹೇಳಿಸಿಕೊಂಡದ್ದಕ್ಕೆ ನಾನು ಮಗುವಿನ ಹಾಗೆ ಹಿಗ್ಗಿದೆ.

ಸ್ಟುಡಿಯೊದಲ್ಲಿ ಜಗಳ ಕಥೆಯ ಕೊನೆಯ ಮೇಲೆ ನಡೆಯಿತು. ಚಿತ್ರದಲ್ಲಿ ಬೀದಿಯ ಮಕ್ಕಳು ಚೀಲದಲ್ಲಿ ಏನಿದೆ ಎಂದು ಊಹೆ ಕಟ್ಟುತ್ತಾರೆ. ಹಾಲಿನವನೂ ದರ್ಜಿಯೂ ಉಪ್ಪು ಖಾರ ಸೇರಿಸುತ್ತಾರೆ. ಕೊನೆಗೆ ಒಂದು ಮಗು ಬಾವಿಗೆ ಜಾರಿದಾಗ ಚೀಲದ ಹೆಂಗಸು ಅದನ್ನು ಎಸೆದು ಆ ಕೈಯಿಂದಲೇ ಎತ್ತುತ್ತಾಳೆ. ಎಲ್ಲರೂ ಕೈ ನೋಡುತ್ತಾರೆ. ಒಂದು ಬೆರಳಿಲ್ಲ, ಅಷ್ಟೇ. ಇಲ್ಲಿಯವರೆಗೆ ಎಲ್ಲರೂ ಒಪ್ಪಿದರು. ಆದರೆ ಚೀಟಿಗೆ ಚೀಲದಿಂದ ಒಂದು ಬಿಳಿ ಹಕ್ಕಿ ಹಾರಿಹೋಗಬೇಕಿತ್ತು.

"ಹಕ್ಕಿ ಯಾಕೋ?"

"ಬಿಡುಗಡೆ ಅಣ್ಣಾ. ಒಂದು ಭಾವ."

"ಚೀಲದೊಳಗೆ ಹಕ್ಕಿ ಇಷ್ಟು ದಿನ ಏನು ತಿಂತಿತ್ತು? ಬೆರಳು ತಿಂದಿದ್ದು ಅದೇನಾ?"

ಎಲ್ಲರೂ ನಕ್ಕರು. ಹಕ್ಕಿ ಹೋಯಿತು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ನೆರಳಿನ ಪರೀಕ್ಷೆ: ಪಾತ್ರದ ಮೈಗೆಲ್ಲ ಕಪ್ಪು ಬಳಿದು, ಬರೀ ನೆರಳು ನೋಡಿ ಇವರು ಯಾರು ಎಂದು ಹೇಳಬಹುದೇ ನೋಡುವುದು. ಚೀಲ ಹಿಡಿದ ಅಕ್ಕನ ನೆರಳು ಮೊದಲ ಸಲಕ್ಕೇ ಗೆದ್ದಿತು. ಆಮೇಲೆ ಗೆರೆ ಇಳಿಸುವ ಕೆಲಸ. ಹಾಳೆಯಲ್ಲಿ ಒಂದು ಗೆರೆ ಇದ್ದರೆ ಅದನ್ನು ಸಾವಿರಾರು ಸಲ ಎಳೆಯಬೇಕು. ಆದ್ದರಿಂದ ಬೇಡದ್ದನ್ನೆಲ್ಲ ಕಿತ್ತುಹಾಕುತ್ತೇವೆ. ಅಕ್ಕನ ಹಣೆಯ ಸುಕ್ಕು ಹೋಯಿತು, ಕೈಯ ಹೊಲಿಗೆಯ ಗುರುತು ಹೋಯಿತು, ಗಂಟು ಹೋಯಿತು. ನಾನು ಒಪ್ಪಿದೆ. ಬೆರಳಿಲ್ಲದಿರುವುದು ಉಳಿಯಿತಲ್ಲ, ಸಾಕು ಎಂದುಕೊಂಡೆ. ಮಕ್ಕಳು, ಹಾಲಿನವನು, ದರ್ಜಿ ಎಲ್ಲರನ್ನೂ ಒಂದೇ ಉಸಿರಿನಲ್ಲಿ ಬಿಡಿಸಿ ಎಸೆದೆ. ಅಂಥವರನ್ನು ನಾನು ಕಣ್ಣು ಮುಚ್ಚಿಕೊಂಡೇ ಬಿಡಿಸಬಲ್ಲೆ. ಹಾಳೆಗಳು ಹೊರಗಿನವರ ಕೈಗೆ ಹೋದವು, ತಿಂಗಳುಗಟ್ಟಲೆ ಕೆಲಸ ನಡೆಯಿತು.

ಬಣ್ಣ ತುಂಬದ ಕಚ್ಚಾ ಚಿತ್ರ ಸಿದ್ಧವಾದಾಗ ಚೀಟಿ ಅಕ್ಕನನ್ನು ಕರೆಸಿದ. ಅವಳು ಚೀಲ ಹಿಡಿದೇ ಬಂದು ಮೊದಲ ಸಾಲಿನಲ್ಲಿ ಕೂತಳು. ನಾವೆಲ್ಲ ಅವಳ ಹಿಂದೆ. ಮಕ್ಕಳು ಹಾವು, ಚಿನ್ನ ಎಂದಾಗ ಅಕ್ಕ ನಕ್ಕಳು. ಮಗು ಬಾವಿಗೆ ಜಾರಿತು. ಪರದೆಯ ಹೆಂಗಸು ಚೀಲ ಎಸೆದು ಕೈ ಚಾಚಿದಳು. ಮಗು ಮೇಲೆ ಬಂತು. ಬೀದಿಗೆ ಬೀದಿಯೇ ಆ ಕೈ ನೋಡಿ ಬೆಚ್ಚಿತು. ಬಣ್ಣದ ಹುಡುಗಿ ಮೂಗು ಸೀಟಿದಳು. ಅಕ್ಕ ಹಿಂದಕ್ಕೆ ತಿರುಗಿದಳು.

"ಇವರೆಲ್ಲ ಯಾಕೋ ಬೆಚ್ಚಿಬಿದ್ರು? ಅವಳ ಕೈಗೆ ಏನಾಗಿದೆ?"

"ಬೆರಳಿಲ್ಲವಲ್ಲಕ್ಕ."

"ಎಲ್ಲಿ? ಹಿಂದೆ ಹಾಕು. ಇನ್ನೂ ಹಿಂದೆ. ಹ್ಞಾಂ, ನಿಲ್ಲಿಸು."

ಅವಳು ಎದ್ದು ಪರದೆಯ ಹತ್ತಿರಕ್ಕೆ ಹೋದಳು. ಬೆಳಕು ಅವಳ ಬೆನ್ನ ಮೇಲೆ ಬಿದ್ದು ಪರದೆಯ ಮೇಲೆ ಅವಳ ನೆರಳು, ಚೀಲದ ನೆರಳು ಮೂಡಿದವು. ಬಲಗೈ ಬೆರಳಿನಿಂದ ಒಂದೊಂದೇ ಮುಟ್ಟುತ್ತ ಹೋದಳು.

"ಇದು ಹಾಲಿನವನ ಕೈ. ನಾಲ್ಕು. ಇವನು ದರ್ಜಿ. ನಾಲ್ಕು. ಈ ಪುಟ್ಟಿಗೂ ನಾಲ್ಕು, ಬಾವಿಗೆ ಬಿದ್ದೋನಿಗೂ ನಾಲ್ಕು. ಇವಳ ಬಲಗೈ, ಅದೂ ನಾಲ್ಕೇ." ನನ್ನ ಕಡೆ ತಿರುಗಿದಳು. "ಲೋ, ಈ ಬೀದಿಗೆ ಬೀದೀನೇ ಪ್ರೆಸ್ಸಲ್ಲಿ ಕೆಲಸಕ್ಕಿತ್ತೇನೋ?"

ಯಾರೋ ಕಿಸಕ್ಕೆಂದು ನಕ್ಕರು.

ನಮ್ಮ ಕಸುಬಿನಲ್ಲಿ ಮನುಷ್ಯನಿಗೆ ಹೆಬ್ಬೆರಳು ಸೇರಿ ನಾಲ್ಕೇ ಬೆರಳು. ಐದು ಬಿಡಿಸಿದರೆ ಸಣ್ಣ ಕೈ ಬಾಳೆಗೊನೆಯ ಹಾಗೆ ಕಾಣುತ್ತದೆ. ಮೇಲಾಗಿ ಸಾವಿರಾರು ಚಿತ್ರಗಳಲ್ಲಿ ಒಂದೊಂದು ಬೆರಳು ಕಡಿಮೆಯಾದರೆ ಎಷ್ಟು ಕೆಲಸ ಉಳಿಯಿತು! ನೋಡುವವರು ಎಂದೂ ಎಣಿಸುವುದಿಲ್ಲ. ನಾವೂ ಎಣಿಸುವುದಿಲ್ಲ. ಅಕ್ಕನ ಕೈಯನ್ನು ಕಣ್ಣಿಟ್ಟು ಬಿಡಿಸಿದ್ದೆ. ಉಳಿದವರ ಕೈಗಳನ್ನು ನನ್ನ ಕೈ ತಾನೇ ಬಿಡಿಸಿತ್ತು. ಅವಳ ಬಲಗೈಗೆ ನಾನು ಐದು ಕೊಟ್ಟಿದ್ದೆ; ಗೆರೆ ತಿದ್ದುವವರು, ಪಾಪ ಅಣ್ಣ ಕೈತಪ್ಪಿ ಒಂದು ಹೆಚ್ಚು ಬಿಡಿಸಿದ್ದಾರೆ ಎಂದು ಅದನ್ನೂ ಇಳಿಸಿದ್ದರು. ಬೆರಳಿಲ್ಲದ ಹೆಂಗಸಿನ ಕಥೆಯನ್ನು ಇಷ್ಟು ಜನ ಕೂತು ತಿಂಗಳುಗಟ್ಟಲೆ ಮಾಡಿದೆವು. ಒಬ್ಬನಿಗೂ ಕಾಣಲಿಲ್ಲ.

ಅಕ್ಕ ಬಾಗಿಲ ಹತ್ತಿರ ಹೋಗಿ ನಿಂತಳು. "ಆ ಮಕ್ಕಳಿಗೆಲ್ಲ ಬೆರಳು ಹಾಕು. ನಂದು ಸರಿಯಾಗಿದೆ," ಎಂದು ಹೇಳಿ ಹೊರಟುಹೋದಳು.

ಬಾಗಿಲು ಮುಚ್ಚಿತೋ ಇಲ್ಲವೋ, ಚೀಟಿ ತಲೆ ಹಿಡಿದು ಕೂತ.

"ಎಲ್ಲರ ಕೈಯೂ ಮತ್ತೆ ಬಿಡಿಸೋದಾ? ಚಿತ್ರೋತ್ಸವಕ್ಕೆ ಕಳಿಸೋ ದಿನ ಹತ್ರ ಬಂತು ಅಣ್ಣಾ. ಹೊರಗಿನವರು ಬೇರೆ ಕೆಲಸ ಹಿಡಿದಾಯ್ತು. ಸಾಧ್ಯವೇ ಇಲ್ಲ."

"ಬಾವಿ ಹತ್ರದ್ದಾದ್ರೂ ಬಿಡಿಸೋಣ. ನಾನೇ ಕೂತು ಬಿಡಿಸ್ತೀನಿ."

"ಬಾವಿ ಹತ್ರ ಬಂದ ಕೂಡ್ಲೇ ಎಲ್ಲರಿಗೂ ಒಂದೊಂದು ಬೆರಳು ಚಿಗುರುತ್ತಾ?" ಅಂದ. ಮೇಜಿನ ಮೇಲಿದ್ದ ಅಕ್ಕನ ಹಾಳೆಯನ್ನು ಎಳೆದುಕೊಂಡು, ಆ ಎಡಗೈಯ ಇನ್ನೊಂದು ಬೆರಳಿನ ಮೇಲೆ ತನ್ನ ಹೆಬ್ಬೆರಳು ಒತ್ತಿ ಮುಚ್ಚಿದ. "ಹೀಗೆ ಮಾಡಿದ್ರೆ?"

"ಅಂದ್ರೆ?"

"ಇನ್ನೊಂದು ತೆಗೆದುಬಿಡೋಣ. ಒಂದು ಕೈ, ಒಂದೇ ದೃಶ್ಯ, ನಾಲ್ಕು ದಿನದ ಕೆಲಸ. ಲೆಕ್ಕಾನೂ ಸರಿಯಾಗುತ್ತೆ ನೋಡಿ. ನಮ್ಮ ಲೋಕದಲ್ಲಿ ಎಲ್ಲರಿಗೂ ನಾಲ್ಕು. ಒಂದು ಹೋದ್ರೆ ಮೂರು. ಅಕ್ಕಂಗೂ ಹೋಗಿರೋದು ಒಂದೇ ತಾನೇ? ಇಲ್ಲೂ ಒಂದೇ ಹೋಗುತ್ತೆ."

ಅವನ ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಉತ್ತರ ಸಿಗದಿದ್ದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

"ನಿನ್ನ ಲೋಕಕ್ಕೆ ಬೆಂಕಿ ಬೀಳ! ಅವಳು ಬದುಕ್ತಿರೋದು ಈ ಲೋಕದಲ್ಲಿ ಕಣೋ. ಇಲ್ಲಿ ಎಲ್ಲರಿಗೂ ಐದಿದೆ. ಇಲ್ಲಿ ಕೂತು ನೋಡೋರು ಎರಡು ಹೋಗಿದೆ ಅಂತಾರೆ."

"ಯಾರೂ ಎಣಿಸಲ್ಲ ಅಣ್ಣಾ."

"ಅವಳು ಎಣಿಸ್ತಾಳೆ!"

ಮುಖಭಾವ ನೋಡಿಕೊಳ್ಳಲು ನನ್ನ ಮೇಜಿನ ಮೇಲೆ ಒಂದು ಸಣ್ಣ ಕನ್ನಡಿ ಇರುತ್ತದೆ. ಅದನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದೆ. "ನನ್ನ ಬಿಟ್ಟು ಆ ಕೈ ಯಾರು ಮುಟ್ತಾರೋ ನೋಡ್ತೀನಿ," ಎಂದು ಕೂಗಿ ಹೊರಗೆ ಬಂದೆ. ಮೆಟ್ಟಿಲು ಇಳಿಯುವಾಗ ಎದೆ ಹಗುರವಾಗಿತ್ತು, ಏನೋ ದೊಡ್ಡದು ಮಾಡಿದವನ ಹಾಗೆ. ನಾನಿಲ್ಲದೆ ಚಿತ್ರ ನಿಲ್ಲುತ್ತದೆ, ನಾಳೆ ಮನೆ ಬಾಗಿಲಿಗೆ ಬರುತ್ತಾನೆ ಎಂದೇ ನಂಬಿದ್ದೆ.

"ಏನಂದ್ರು?" ಅಂದಳು ಅಕ್ಕ, ನಾನು ಮನೆಗೆ ಬಂದೊಡನೆ.

"ಹೇಳಿ ಬಂದಿದ್ದೀನಿ, ಆಗಲ್ಲ ಅಂತ. ಕೆಲಸಾನೇ ಬಿಟ್ಟು ಬಂದೆ."

"ಏನು ಆಗಲ್ಲ? ಬೆರಳು ಹಾಕೋಕೆ ಆಗಲ್ವಾ?"

ಇನ್ನೊಂದು ಬೆರಳಿನ ಮಾತನ್ನು ನಾನು ಅವಳಿಗೆ ಹೇಳಲಿಲ್ಲ. ಹೇಗೆ ಹೇಳುವುದು? "ಹಾಕ್ತಾರೆ, ಹಾಕದೆ ಎಲ್ಲಿ ಹೋಗ್ತಾರೆ," ಅಂದೆ. ಹೆಂಡತಿ ಮಾತ್ರ ಬಿಡಲಿಲ್ಲ.

"ಬೆರಳು ತೋರಿಸಿದ್ರೆ ಹಸ್ತ ನುಂಗೋ ಜನ ಅವರು. ಅಂಥವರ ಕೈಗೆ ಅತ್ತಿಗೆಯ ಕೈ ಕೊಟ್ಟು ನೀವು ಎದ್ದು ಬಂದ್ರಾ? ಬೈಕೊಂಡಾದ್ರೂ ಅಲ್ಲೇ ಕೂತಿರಬೇಕಿತ್ತು. ನಿಮಗೆ ಬಾಗಿಲು ಬಡಿಯೋ ಸದ್ದು ಕೇಳಿದ್ರೆ ಸಾಕು, ಗೆದ್ದೆ ಅಂದ್ಕೋತೀರ."

"ನೀನು ಸುಮ್ನಿರು," ಅಂದೆ. ನಾಳೆ ಬಂತು, ಚೀಟಿ ಬರಲಿಲ್ಲ. ನಾನಾಗಿ ಹೋಗಲು ಕಾಲು ಏಳಲಿಲ್ಲ. ಕೆಲವು ದಿನಗಳ ಮೇಲೆ ಬಣ್ಣದ ಹುಡುಗಿ ಫೋನ್ ಮಾಡಿದಳು.

"ಅಂಕಲ್, ಇಲ್ಲಿ ಕೈ ಸರಿ ಮಾಡ್ತಿದ್ದಾರೆ. ಒಂದ್ಸಲ ಬಂದು ನೋಡಬಾರದಾ?"

"ಸರಿ ಮಾಡ್ತಿದ್ದಾರಾ? ಮಾಡಲಿ. ನಾನು ಕಾಲಿಡಲ್ಲ," ಎಂದು ಫೋನ್ ಇಟ್ಟೆ. ಆ ಹುಡುಗಿಯ ದನಿ ಯಾಕೆ ಅಷ್ಟು ಸಣ್ಣಗಿತ್ತು ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಕೂಗಿದ್ದಕ್ಕೆ ಫಲ ಸಿಕ್ಕಿತು ಎಂದು ಮೀಸೆ ತಿರುವಿ ಅಕ್ಕನಿಗೆ ಹೇಳಿದೆ, "ಕೈ ಸರಿ ಮಾಡ್ತಿದ್ದಾರಂತೆ." ಅವತ್ತು ಕಸ ಹಾಕಲು ಬೀದಿಗೆ ಹೋದ ಅಕ್ಕ ಚೀಲ ಬಿಟ್ಟು ಹೋಗಿದ್ದಳು. ನಾನು ಕಿಟಕಿಯಿಂದ ನೋಡಿದೆ. ಪಕ್ಕದ ಮನೆಯಾಕೆ ಏನೋ ಕೇಳಿದಳು. ಅಕ್ಕ ಎಡ ಅಂಗೈಯನ್ನು ಸೊಂಟಕ್ಕೆ ಊರಿ ನಿಂತು ಉತ್ತರ ಕೊಟ್ಟಳು.

ಚಿತ್ರೋತ್ಸವಕ್ಕೆ ಕರೆ ಬಂದದ್ದು ಅಕ್ಕನ ಹೆಸರಿಗೆ, ಇಬ್ಬರು ಬನ್ನಿ ಎಂದು. ಬಟ್ಟೆ ಇಸ್ತ್ರಿ ಮಾಡಿಕೊಂಡಳು. ಹೊರಡುವಾಗ ಚೀಲ ಕೈಗೆತ್ತಿಕೊಂಡಳು. ನಾನು ನೋಡಿದ್ದು ಕಂಡು, "ಬರುವಾಗ ಅಲ್ಲೇ ಬಿಸಾಕಿ ಬರ್ತೀನಿ. ಮಾತು ಕೊಟ್ಟಿದ್ದೀನಲ್ಲ," ಎಂದು ನಕ್ಕಳು.

ಸಭಾಂಗಣ ತುಂಬಿತ್ತು. ಚಿತ್ರ ಚೆನ್ನಾಗಿಯೇ ಇತ್ತು. ಅದು ನನ್ನ ಹೊಟ್ಟೆಯನ್ನು ಇನ್ನೂ ಉರಿಸುತ್ತದೆ. ಮೊದಲ ದೃಶ್ಯದಲ್ಲೇ ನಾನು ಹಾಲಿನವನ ಕೈ ನೋಡಿದೆ. ನಾಲ್ಕು. ಪಕ್ಕದಲ್ಲಿ ಅಕ್ಕನೂ ನೋಡಿದಳು. ಮಗು ಬಾವಿಗೆ ಜಾರಿತು, ಚೀಲ ಗಾಳಿಯಲ್ಲಿ ಹಾರಿತು, ಕೈ ಪರದೆಯ ತುಂಬ ಚಾಚಿಕೊಂಡಿತು. ಒಂದು ಹೆಬ್ಬೆರಳು, ಎರಡು ಬೆರಳು. ಏಡಿಯ ಕೊಂಡಿಯ ಹಾಗೆ. ಇಡೀ ಸಭೆ ಅಯ್ಯೋ ಎಂದಿತು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

"ಇದು ಯಾರ ಕೈಯೋ?" ಅಂದಳು ಅಕ್ಕ, ಮೆಲ್ಲಗೆ.

ಕೊನೆಯಲ್ಲಿ ಹೆಸರುಗಳು ಬಂದವು. ಪಾತ್ರ ವಿನ್ಯಾಸ ಎಂದು ನನ್ನದೂ ಇತ್ತು, ದಪ್ಪ ಅಕ್ಷರದಲ್ಲಿ.

ದೀಪ ಹತ್ತಿದವು. ಚೀಟಿ ವೇದಿಕೆ ಹತ್ತಿ, ಈ ಕಥೆಯ ನಿಜವಾದ ನಾಯಕಿ ಇಲ್ಲೇ ಇದ್ದಾರೆ ಎಂದ. ಚಪ್ಪಾಳೆಯೋ ಚಪ್ಪಾಳೆ. ಅಕ್ಕ ಹೋಗುವುದಿಲ್ಲ ಎಂದುಕೊಂಡೆ. ಅವಳು ಎದ್ದಳು. ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ಖಾಲಿ ಚೀಲ, ಹಿಡಿಯ ಹತ್ತಿರ ಅವಳ ಕೈಯ ಬಿಸಿ ಇನ್ನೂ ಇತ್ತು. ನಡೆದುಹೋಗಿ ವೇದಿಕೆ ಹತ್ತಿ, ಮೈಕಿನ ಮುಂದೆ ಎಡಗೈ ಎತ್ತಿ ಹಿಡಿದಳು. ಅಷ್ಟು ಜನರ ಎದುರು, ಅಷ್ಟು ಬೆಳಕಿನಲ್ಲಿ.

"ಎಲ್ಲರೂ ನೋಡ್ಕೊಳ್ಳಿ. ನನಗೆ ಹೋಗಿರೋದು ಒಂದೇ ಬೆರಳು. ಇವರು ತೋರಿಸಿದ್ದು ಸುಳ್ಳು."

ಸಾಲು ಸಾಲಾಗಿ ಕುತ್ತಿಗೆಗಳು ಉದ್ದವಾದವು. ಎಣಿಸುತ್ತಿದ್ದರು. ಆಮೇಲೆ ಯಾರೋ ನಕ್ಕರು, ಪ್ರೀತಿಯ ನಗು. ಎಲ್ಲರೂ ಅದಕ್ಕೆ ದನಿಗೂಡಿಸಿದರು. ಚೀಟಿ ಅವಳ ಹೆಗಲ ಮೇಲೆ ಕೈಯಿಟ್ಟು ಮೈಕಿಗೆ ಬಾಗಿದ.

"ನೋಡಿದ್ರಾ? ತಮ್ಮ ನೋವನ್ನೂ ಎಷ್ಟು ಕಮ್ಮಿ ಮಾಡಿ ಹೇಳ್ತಾರೆ! ಇದೇ ಇವರ ದೊಡ್ಡತನ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕ ಮತ್ತೇನೋ ಹೇಳಿದಳು. ಬಾಯಿ ಆಡಿದ್ದು ಕಾಣಿಸಿತು, ದನಿ ಕೇಳಿಸಲಿಲ್ಲ.

ಹೊರಗಿನ ಹಜಾರದಲ್ಲಿ ಒಬ್ಬ ಹೆಂಗಸು ಓಡಿಬಂದು ಅಕ್ಕನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಕೈಯನ್ನು ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿ ನೋಡಿದಳು.

"ಓ... ನಿಜವಾಗ್ಲೂ ಒಂದೇನಾ? ನಾನು ಫಿಲ್ಮ್ ನೋಡಿ ತುಂಬಾ ಅತ್ತುಬಿಟ್ಟೆ," ಅಂದಳು, ಅತ್ತಿದ್ದನ್ನು ವಾಪಸು ಕೇಳುವವಳ ಹಾಗೆ. ಕೈ ಬಿಟ್ಟು ತನ್ನ ಗಂಡನ ಕಡೆಗೆ ಹೋದಳು. ಹೋಗುತ್ತ ಹೇಳಿದ್ದೂ ನಮಗೆ ಕೇಳಿಸಿತು: "ಕಿರುಬೆರಳು ಕಣ್ರೀ. ಅಷ್ಟೇ."

ನಾನು ಜನರ ನಡುವೆ ನುಗ್ಗಿ ಚೀಟಿಯ ಅಂಗಿಯ ಕೊರಳಪಟ್ಟಿ ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ.

"ನೀವು ಇದ್ದಿದ್ರೆ ಏನಾದ್ರೂ ದಾರಿ ಹುಡುಕಬಹುದಿತ್ತು ಅಣ್ಣಾ. ಆ ಹುಡುಗಿ ಕೈಲಿ ಫೋನ್ ಮಾಡಿಸಿದೆ. ನೀವು ಬರಲಿಲ್ಲ. ನಾನು ಒಬ್ಬನೇ ಏನು ಮಾಡ್ಲಿ?"

"ಬಾರೋ, ಬಸ್ ಹೋಗುತ್ತೆ," ಎಂದಳು ಅಕ್ಕ ಹಿಂದಿನಿಂದ.

ನಾವು ಬಸ್ ನಿಲ್ದಾಣಕ್ಕೆ ನಡೆದೆವು. ಚೀಲ ನನ್ನ ಕೈಯಲ್ಲೇ ಇತ್ತು. ದಾರಿಯಲ್ಲಿ ಒಂದು ಕಸದ ತೊಟ್ಟಿ ಬಂತು; ಅವಳು ಅದನ್ನು ನೋಡಿದಳು, ನಾನೂ ನೋಡಿದೆ, ಇಬ್ಬರೂ ದಾಟಿ ಹೋದೆವು. ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ ಹೇಳಿದಳು:

"ಇಷ್ಟು ವರ್ಷ ಅಯ್ಯೋ ಅಂತಾರೆ ಅಂತ ಮುಚ್ಚಿಟ್ಟೆ. ಇವತ್ತು ಅಷ್ಟೇನಾ ಅಂದ್ರು. ಈಗ ಯಾವುದಕ್ಕೆ ಮುಚ್ಚಿಡ್ಲಿ?"

"ಅವರ ಮನೆ ಹಾಳಾಗ. ನಾನು ನಾಳೇನೇ ಹೋಗಿ—"

"ನೀನು ಎಲ್ಲಿಗೂ ಹೋಗ್ಬೇಡ. ಒಂದು ಕೇಳ್ತೀನಿ, ಅದಕ್ಕೆ ಉತ್ತರ ಕೊಡು. ನನ್ನ ಕೈ ಅಷ್ಟು ಚೆನ್ನಾಗಿ ಬಿಡಿಸಿದ್ಯಲ್ಲ, ಆ ಹಾಲಿನವನಿಗೆ, ಆ ಮಕ್ಕಳಿಗೆ ಐದನೇ ಬೆರಳು ಬಿಡಿಸೋಕೆ ನಿನಗೇನು ಧಾಡಿಯಾಗಿತ್ತು?"

ಯೋಚಿಸಿದೆ. ಇದ್ದದ್ದು ಒಂದೇ ಉತ್ತರ.

"ರೂಢಿ ಅಕ್ಕ. ನಮ್ಮಲ್ಲಿ ಎಲ್ಲರೂ ಹಾಗೇ ಬಿಡಿಸೋದು."

ಅಕ್ಕ ನನ್ನ ಮುಖವನ್ನು ನೋಡಿದಳು. ಸಾಕಿದ ತಮ್ಮನನ್ನು ನೋಡುವ ಹಾಗೆ ನೋಡಲಿಲ್ಲ.

"ಹ್ಞೂಂ. ಆ ಪ್ರೆಸ್ಸಿನವನೂ ಇದನ್ನೇ ಅಂದಿದ್ದ," ಅಂದಳು.

ಬಸ್ಸು ಬಂತು. ಅವಳು ನನ್ನ ಕೈಯಿಂದ ಚೀಲ ಕಿತ್ತುಕೊಂಡು ಎಡಗೈಯನ್ನು ಅದರೊಳಗೆ ಇಳಿಸಿ, ಬಲಗೈಯಿಂದ ಕಂಬಿ ಹಿಡಿದು ಹತ್ತಿದಳು. ಒಬ್ಬರೇ ಕೂರುವ ಸೀಟು ನೋಡಿ ಕೂತಳು.